ಕಣಿವೆಯಲ್ಲಿ ತಲೆ ಎಣಿಸಬೇಡಿ

ಸೇನೆಯಿಂದ ನಿವೃತ್ತನಾದ ಮೇಲೆ ಆಗಾಗ ಕಾಲೇಜುಗಳಿಗೆ ಯುದ್ಧದ ಇತಿಹಾಸ ಹೇಳಲು ಹೋಗುತ್ತೇನೆ. 1842ರ ಜನವರಿಯಲ್ಲಿ ಕಾಬೂಲ್ ಬಿಟ್ಟು ಜಲಾಲಾಬಾದ್ ಕಡೆ ಹೊರಟು ದಾರಿಯ ಕಣಿವೆಗಳಲ್ಲೇ ನಾಶವಾದ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಮಾತು ಬಂದರೆ ಸಾಕು, ಯಾರಾದರೂ ಕೈ ಎತ್ತಿ ಇದೇ ಪ್ರಶ್ನೆ ಕೇಳುತ್ತಾರೆ. "ಸಾರ್, 16,000 ಜನ ಇದ್ದರಲ್ವಾ? ಎಲ್ಲರೂ ಒಟ್ಟಿಗೆ ತಿರುಗಿ ಬಿದ್ದಿದ್ದರೆ?"

ಈ "ಒಟ್ಟಿಗೆ" ಅನ್ನುವ ಪದ ನನಗೆ ತಡೆಯಲಾಗುವುದಿಲ್ಲ. ಕಣಿವೆಯಲ್ಲಿ ಒಟ್ಟಿಗೆ ಅನ್ನುವುದೇ ಇಲ್ಲ.

ಮೊದಲು ಆ 16,000 ಯಾರು ಅಂತ ನೋಡಿ. ಹೋರಾಡುವವರು ಸುಮಾರು 4,500. ಅದರಲ್ಲಿ ಯುರೋಪಿಯನ್ನರು 700ರಷ್ಟು, ಉಳಿದವರು ಹೆಚ್ಚಾಗಿ ಅವಧ್, ಬಿಹಾರದ ಬಯಲಿನಿಂದ ಬಂದ ಸಿಪಾಯಿಗಳು. ಮಿಕ್ಕ ಸುಮಾರು 12,000 ಜನ ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಒಂಟೆ ಹೊಡೆಯುವವರು, ಹೆಂಗಸರು, ಮಕ್ಕಳು.

ಈಗ ಲೆಕ್ಕ ಹಾಕಿ. ಒಂದು ಸಾಲಿಗೆ ನಾಲ್ಕು ಜನರಂತೆ ನಿಲ್ಲಿಸಿದರೆ 4,000 ಸಾಲು. ಸಾಲಿಗೂ ಸಾಲಿಗೂ ಒಂದೂವರೆ ಮೀಟರ್ ಬಿಟ್ಟರೆ ಆರು ಕಿಲೋಮೀಟರ್ ಆಯಿತು. ಒಂಟೆ, ಕುದುರೆ, ಫಿರಂಗಿ ಇನ್ನೂ ಸೇರಿಸಿಲ್ಲ. ಕಾಬೂಲ್ ದಾಟಿದ ಮೇಲೆ ಸಿಗುವ ಖುರ್ದ್ ಕಾಬೂಲ್ ಕಣಿವೆಯ ಉದ್ದವೇ ಸುಮಾರು ಎಂಟು ಕಿಲೋಮೀಟರ್. ಅಂದರೆ ಮುಂದಿನವರು ಆಚೆ ಬಾಯಿ ಮುಟ್ಟುವ ಹೊತ್ತಿಗೆ ಹಿಂದಿನವರು ಆಗಷ್ಟೇ ಒಳಗೆ ಬಂದಿರುತ್ತಾರೆ. ಮಧ್ಯದಲ್ಲಿ ಗುಂಡು ಬಿದ್ದರೆ ಮುಂದಿನವರಿಗೆ ತಿಳಿಯುವುದೇ ಇಲ್ಲ. ತಿಳಿದರೂ ವಾಪಸ್ ಬರಲು ಜಾಗ ಇಲ್ಲ. ನೀವು 16,000 ಅನ್ನುತ್ತೀರಿ. ಮೇಲೆ ಬಂಡೆಯ ಮರೆಯಲ್ಲಿ ಕೂತ ಘಿಲ್ಜಾಯಿ ಅನ್ನುವ ಅಫ್ಘಾನ್ ಬುಡಕಟ್ಟಿನ ಬಂದೂಕಿನವನಿಗೆ ಕಾಣುವುದು ತನ್ನ ಕೆಳಗೆ ಬಂದ ನಲವತ್ತೋ ಐವತ್ತೋ ಜನ. ಅವರು ಹೋದರೆ ಇನ್ನೊಂದು ಐವತ್ತು.

ಅವನ ಕೈಯಲ್ಲಿದ್ದ ಉದ್ದ ನಳಿಗೆಯ ಜೆಜೈಲ್ ಬಂದೂಕು ಕಂಪನಿಯ ಮಸ್ಕೆಟ್‌ಗಿಂತ ತುಂಬಾ ದೂರ ಹೊಡೆಯುತ್ತಿತ್ತು. ಕೆಳಗಿನಿಂದ ಎಷ್ಟು ಗುಂಡು ಹಾರಿಸಿದರೂ ಸುಮ್ನೆ ದಂಡ.

ಇದು ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ. ಕಾಶ್ಮೀರದಲ್ಲಿ ಲೆಫ್ಟಿನೆಂಟ್ ಆಗಿದ್ದಾಗ ಕಾನ್ವಾಯ್ ಹೊರಡುವ ಮೊದಲು ದಾರಿ ಕಾಯುವ ಕೆಲಸ ನಮ್ಮದು. ಕತ್ತಲಿರುವಾಗಲೇ ಎದ್ದು ಗುಡ್ಡ ಹತ್ತಬೇಕು. ಬೆಳಗಾವಿ ಕಡೆಯ ಹವಾಲ್ದಾರ್ ಒಬ್ಬರು ಜೊತೆಗಿದ್ದರು. ಮೊದಲ ಬೆಳಗ್ಗೆ ತುದಿ ತಲುಪಿದಾಗ ಕೆಳಗೆ ಲಾರಿಗಳ ಸಾಲು ಕಂಡಿತು. ಅವರು ಹೇಳಿದರು: "ಲಾರಿ ಎಷ್ಟ ಅದಾವ ಅಂತ ಎಣಿಸಬ್ಯಾಡ್ರಿ ಸಾಹೇಬ್ರ. ನಡುವಿನ ಒಂದ ಲಾರಿ ನಿಂತರ ಹಿಂದಿನವ್ರು ಏನ ಮಾಡ್ತಾರ, ಅದನ್ನ ವಿಚಾರ ಮಾಡ್ರಿ." ಅವರಷ್ಟು ಚೆನ್ನಾಗಿ ನನಗೆ ಯಾರೂ ಪಾಠ ಹೇಳಿಲ್ಲ.

ಜನವರಿ 6ರಂದು ಹೊರಟವರು ಎರಡು ದಿನದಲ್ಲಿ ನಡೆದದ್ದು ಹದಿನಾರು ಕಿಲೋಮೀಟರ್ ಇದ್ದರೆ ಜಾಸ್ತಿ. 8ರಂದು ಖುರ್ದ್ ಕಾಬೂಲ್ ಒಳಗೆ ಹೋದರು. ದಾರಿಯ ನಡುವೆ ಹಳ್ಳ, ಮತ್ತೆ ಮತ್ತೆ ಅದನ್ನೇ ದಾಟಬೇಕು. ಎತ್ತರಗಳನ್ನು ಮೊದಲು ಹಿಡಿಯಲಿಲ್ಲ. ಆ ಒಂದೇ ದಿನ ಸುಮಾರು 3,000 ಜನ ಸತ್ತರು. ಆಮೇಲೆ ತೇಜಿನ್, ಜಗ್ದಲಕ್ ಕಣಿವೆಗಳು. ಜಗ್ದಲಕ್‌ನಲ್ಲಿ ಮುಳ್ಳುಕೊಂಬೆ ಒಟ್ಟಿ ದಾರಿಯನ್ನೇ ಮುಚ್ಚಿದ್ದರು. 13ರಂದು ಗಂಡಮಕ್‌ನಲ್ಲಿ ಕೊನೆಯ ಅರವತ್ತೈದರಷ್ಟು ಜನರ ಕತೆಯೂ ಮುಗಿಯಿತು. ಅದೇ ದಿನ ಸೈನ್ಯದ ಡಾಕ್ಟರ್ ಬ್ರೈಡನ್ ಗಾಯಗೊಂಡು ಕುದುರೆ ಮೇಲೆ ಜಲಾಲಾಬಾದ್ ಮುಟ್ಟಿದರು.

ಚಳಿಯೇ ಕೊಂದಿತು ಅನ್ನುವವರೂ ಇದ್ದಾರೆ. ಚಳಿಯನ್ನು ನಾನು ಚಿಕ್ಕದು ಮಾಡುವುದಿಲ್ಲ. ಹಿಮದಲ್ಲಿ ಬೆರಳು ಮರಗಟ್ಟಿದರೆ ಬಂದೂಕಿನ ಕುದುರೆ ಎಳೆಯಲಾಗುವುದಿಲ್ಲ, ಕಾಲು ಕೊಳೆತರೆ ಗುಡ್ಡ ಹತ್ತಲಾಗುವುದಿಲ್ಲ. ಸೇನಾಪತಿ ಎಲ್ಫಿನ್‌ಸ್ಟನ್ ಕಾಯಿಲೆ ಮನುಷ್ಯ, ತೀರ್ಮಾನ ತಡವಾಗುತ್ತಿತ್ತು. ಇವೆಲ್ಲ ಸೇರಿಕೊಂಡವು. ಆದರೆ ಇದೇ ಕಣಿವೆಯನ್ನು ಮೂರು ತಿಂಗಳ ಹಿಂದೆ, 1841ರ ಅಕ್ಟೋಬರ್‌ನಲ್ಲಿ, ಇದೇ ಘಿಲ್ಜಾಯಿಗಳ ಗುಂಡಿನ ನಡುವೆ ಸೇಲ್ ಅನ್ನುವ ಅಧಿಕಾರಿಯ ಪಡೆ ದಾಟಿತ್ತು. ಸೇಲ್ ಅವರ ಕಾಲಿಗೂ ಗುಂಡು ಬಿತ್ತು, ಜನರೂ ಸತ್ತರು. ಆದರೂ ಮೊದಲು ಎರಡೂ ಪಕ್ಕದ ಗುಡ್ಡಕ್ಕೆ ಜನ ಹತ್ತಿಸಿದ್ದರಿಂದ ಪಡೆ ಉಳಿಯಿತು.

ಇನ್ನೊಂದು ಮಾತು. ಆ ದಾರಿಗಳನ್ನು ತೆರೆದಿಡಲು ಕಂಪನಿಯೇ ಘಿಲ್ಜಾಯಿ ಮುಖಂಡರಿಗೆ ವರ್ಷಕ್ಕೆ 80,000 ರೂಪಾಯಿ ಕೊಡುತ್ತಿತ್ತು. ಖರ್ಚು ಉಳಿಸಲು ಕಾಬೂಲ್‌ನಲ್ಲಿದ್ದ ಬ್ರಿಟಿಷ್ ರಾಯಭಾರಿ ಮ್ಯಾಕ್‌ನಾಟನ್ ಅದನ್ನು 40,000ಕ್ಕೆ ಇಳಿಸಿದರು. ದಾರಿ ಮುಚ್ಚಿದ್ದು ಅದರ ಬೆನ್ನಿಗೇ. ಆ ಬೆಟ್ಟ ಯಾರ ಕೈಯಲ್ಲಿದೆ ಅಂತ ಕಂಪನಿಗೆ ಗೊತ್ತಿತ್ತು, ಅದಕ್ಕೇ ಅಲ್ವಾ ದುಡ್ಡು ಕೊಡುತ್ತಿದ್ದದ್ದು?

1842ರ ಏಪ್ರಿಲ್ 5ರಂದು ಕಂಪನಿಯ ಇನ್ನೊಂದು ಪಡೆಯೊಂದಿಗೆ ಜನರಲ್ ಪೊಲ್ಲಾಕ್ ಪೇಶಾವರದಾಚೆಯ ಖೈಬರ್ ಕಣಿವೆಗೆ ಬಂದರು. ಹೊರಡುವ ಮೊದಲು ಪೇಶಾವರದಲ್ಲಿ ಎರಡು ತಿಂಗಳು ಕಾದಿದ್ದರು. ಸಿಪಾಯಿಗಳು ಹೆದರಿದ್ದರು, ಎಷ್ಟೋ ಜನ ಆಸ್ಪತ್ರೆಯಲ್ಲಿದ್ದರು. ಅವರಿಗೆ ಧೈರ್ಯ ಬರುವ ತನಕ ಹೊರಡಲಿಲ್ಲ. ಆ ಒಂದು ಕಾರಣಕ್ಕೇ ಅವರು ನನಗೆ ಇಷ್ಟ. ಕಣಿವೆಯ ಬಾಯಿಗೆ ಕಲ್ಲು, ಮಣ್ಣು, ಕೊಂಬೆ ಒಟ್ಟಿ ಎದುರಾಳಿಗಳು ಗೋಡೆ ಕಟ್ಟಿದ್ದರು. ಪೊಲ್ಲಾಕ್ ಅದರ ಮೇಲೆ ನೇರವಾಗಿ ನುಗ್ಗಲಿಲ್ಲ. ನಸುಕಿನಲ್ಲೇ ಎಡಕ್ಕೊಂದು ಬಲಕ್ಕೊಂದು ತಂಡ ಗುಡ್ಡ ಹತ್ತಿದವು. ಮೇಲಿನವರು ಚದುರಿದ ಮೇಲೆ ಗೋಡೆ ಕಾಯಲು ಯಾರೂ ಉಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರು ಕಾಬೂಲ್ ಸೇರಿದಾಗ ಭಿಕ್ಷೆ ಬೇಡಿ ಬದುಕಿದ್ದ ಸಿಪಾಯಿಗಳು, ಕೆಲಸದವರು ಸಿಕ್ಕರು. ಕೆಲವರಿಗೆ ಕಾಲಿನ ಬೆರಳುಗಳೇ ಇರಲಿಲ್ಲ. ಬ್ರೈಡನ್ ಒಬ್ಬರೇ ಬದುಕಿದರು ಅನ್ನುವವರು ದಯವಿಟ್ಟು ಇವರನ್ನು ಮರೆಯಬೇಡಿ.

ವಾಪಸ್ ಬರುವಾಗಲೂ ಪೊಲ್ಲಾಕ್ ಪ್ರತಿ ಕಣಿವೆಯಲ್ಲಿ ಮೊದಲು ಎತ್ತರ ಹಿಡಿದೇ ಕೆಳಗೆ ಜನ ಬಿಟ್ಟರು. ಅವರ ತಂಡ ಖೈಬರನ್ನು ಹೆಚ್ಚು ನಷ್ಟವಿಲ್ಲದೆ ದಾಟಿತು. ಹಿಂದೆ ಬಂದ ಮೆಕ್‌ಕ್ಯಾಸ್ಕಿಲ್ ಅನ್ನುವ ಇನ್ನೊಬ್ಬ ಅಧಿಕಾರಿಯ ತಂಡ ಅಷ್ಟು ಜಾಗ್ರತೆ ವಹಿಸಲಿಲ್ಲ. ಅದರ ಒಂದು ಭಾಗ ಕತ್ತಲಾದ ಮೇಲೂ ಕಣಿವೆಯೊಳಗೇ ಇತ್ತು. ಆ ರಾತ್ರಿ ಜನರೂ ಹೋದರು, ಫಿರಂಗಿಗಳೂ ಕೈಬಿಟ್ಟವು.