ವಾಚ್ 59 ನಿಮಿಷ ಅನ್ನುತ್ತೆ, ಫಲಿತಾಂಶ ಒಂದು ಗಂಟೆ ಅನ್ನುತ್ತೆ: ಯಾವುದನ್ನು ನಂಬೋದು?

ಪ್ರಶ್ನೆ: ಮೊನ್ನೆಯ 10ಕೆ ಓಟದಲ್ಲಿ ನನ್ನ ವಾಚ್ 10 ಕಿ.ಮೀ. ಎಂದು ಗುಂಯ್‌ಗುಟ್ಟಿದಾಗ 59 ನಿಮಿಷ 10 ಸೆಕೆಂಡ್ ಆಗಿತ್ತು. ಒಂದು ಗಂಟೆಯ ಒಳಗೆ ಮುಗಿಸಬೇಕು ಅಂತ ಎಷ್ಟೋ ದಿನದ ಆಸೆ. ಆದರೆ ಕ್ಲಬ್ಬಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 1:00:04 ಅಂತ ಹಾಕಿದ್ದಾರೆ. ಸರ್ಟಿಫಿಕೇಟಿನಲ್ಲಿ ಅದರ ಜೊತೆ 1:06:31 ಅಂತ ಇನ್ನೊಂದು ಟೈಮ್ ಬೇರೆ ಇದೆ. ಈ ಮೂರರಲ್ಲಿ ನನ್ನ ಟೈಮ್ ಯಾವುದು?

ಉತ್ತರ: 1:00:04. ಬೇಜಾರಾಗುತ್ತದೆ, ಗೊತ್ತು. ಆದರೂ ಅದೇ.

ನಮ್ಮ ಕ್ಲಬ್ಬಿನಲ್ಲಿ ರೇಸ್ ಆದ ಮರುದಿನ ಫಲಿತಾಂಶದ ಪಟ್ಟಿ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಟ್ಟಿ ಹಾಕಿ ಅರ್ಧ ಗಂಟೆ ಆಗಿರುವುದಿಲ್ಲ, ಯಾರಾದರೂ ವಾಚಿನ ಫೋಟೋ ಕಳಿಸಿ 'ಸರ್, ಇದನ್ನ ಸ್ವಲ್ಪ ಸರಿ ಮಾಡ್ತೀರಾ' ಅನ್ನುತ್ತಾರೆ. ಸರಿ ಮಾಡುವುದಕ್ಕೆ ಅಲ್ಲಿ ತಪ್ಪೇ ಇರುವುದಿಲ್ಲ. ಯಾಕೆ ಅಂತ ನೋಡೋಣ.

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ, ಆ 1:06:31. ಅದು ಗನ್ ಟೈಮ್. ಓಟ ಶುರು ಅಂತ ಸಿಗ್ನಲ್ ಕೊಟ್ಟ ಕ್ಷಣದಿಂದ ನೀವು ಫಿನಿಶ್ ಗೆರೆ ದಾಟಿದ ತನಕದ ಲೆಕ್ಕ. ನೀವು ಸಾವಿರಾರು ಜನರ ಹಿಂದೆ ನಿಂತಿದ್ದಿರಿ. ಸ್ಟಾರ್ಟ್ ಗೆರೆಗೆ ನಡೆದುಕೊಂಡು ಬರುವುದಕ್ಕೇ ಆರೂವರೆ ನಿಮಿಷ ಹಿಡಿಯಿತು. ಬಿಬ್, ಅಂದರೆ ಎದೆಗೆ ಹಾಕುವ ನಂಬರಿನ ಚೀಟಿಯ ಹಿಂದೆ ಅಂಟಿಸಿರುವ ಚಿಪ್ ಸ್ಟಾರ್ಟಿನಲ್ಲಿ ನೆಲಕ್ಕೆ ಹಾಸಿದ ಮ್ಯಾಟ್ ದಾಟಿದಾಗ ಒಮ್ಮೆ, ಫಿನಿಶ್ ಮ್ಯಾಟ್ ದಾಟಿದಾಗ ಇನ್ನೊಮ್ಮೆ ದಾಖಲಾಗುತ್ತದೆ. ಎರಡರ ನಡುವಿನದು ನೆಟ್ ಟೈಮ್ ಅಥವಾ ಚಿಪ್ ಟೈಮ್. ನಿಮ್ಮದು 1:00:04.

ಹಾಗಾದರೆ ಗನ್ ಟೈಮ್ ಯಾಕೆ ಬೇಕು? ಮುಂದಿನ ಸಾಲಿನವರಿಗೆ ಬೇಕು. ಬಹುಮಾನಕ್ಕೆ ಓಡುವವರಲ್ಲಿ ಗೆರೆ ಮೊದಲು ದಾಟಿದವನೇ ಗೆದ್ದವನು. ಈ ಕ್ರೀಡೆಯ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ನಿಯಮದಲ್ಲೂ ಅಧಿಕೃತ ಸಮಯ ಅಂದರೆ ಗನ್‌ನಿಂದ ಲೆಕ್ಕ. ನಮ್ಮಂಥವರಿಗೆ ಪಕ್ಕದವನನ್ನು ಸೋಲಿಸುವ ತಾಪತ್ರಯ ಇಲ್ಲವಲ್ಲ. ಬಾಸ್ಟನ್ ಮ್ಯಾರಥಾನ್‌ನವರೂ ಅರ್ಹತೆಗೆ ನೆಟ್ ಟೈಮನ್ನೇ ಕೇಳುತ್ತಾರೆ. ಅದಕ್ಕೇ ಕ್ಲಬ್ಬಿನ ಪಟ್ಟಿಯಲ್ಲಿ ಅದನ್ನೇ ಹಾಕುವುದು.

ಈಗ ನಿಜವಾದ ಜಗಳಕ್ಕೆ ಬರೋಣ: 59:10 ಮತ್ತು 1:00:04ರ ನಡುವಿನ 54 ಸೆಕೆಂಡ್.

ನಿಮ್ಮ ವಾಚ್ 10 ಕಿ.ಮೀ. ಎಂದಾಗ ನೀವು ಎಲ್ಲಿದ್ದಿರಿ? ಫಿನಿಶ್ ಕಮಾನು ಕಾಣಿಸುತ್ತಿತ್ತು, ಆದರೆ ಅದರ ಕೆಳಗೆ ಇರಲಿಲ್ಲ. 59:10 ಅಂದರೆ ಕಿಲೋಮೀಟರಿಗೆ 5 ನಿಮಿಷ 55 ಸೆಕೆಂಡ್, ಓಟಗಾರರ ಭಾಷೆಯಲ್ಲಿ 5:55ರ ಪೇಸ್. ಅದೇ ಪೇಸ್‌ನಲ್ಲಿ ಇನ್ನೊಂದು 150 ಮೀಟರ್ ಓಡುವುದಕ್ಕೆ 53 ಸೆಕೆಂಡ್ ಬೇಕು. ಅಲ್ಲಿಗೆ 1:00:03 ಮತ್ತು ಒಂಚೂರು. ರಸ್ತೆ ಓಟದಲ್ಲಿ ಆ ಒಂಚೂರನ್ನು ಬಿಡುವ ಹಾಗಿಲ್ಲ, ಮುಂದಿನ ಪೂರ್ತಿ ಸೆಕೆಂಡಿಗೆ ಏರಿಸಬೇಕು ಅಂತಲೇ ನಿಯಮ. ಆಯಿತು, 1:00:04. ನಿಮ್ಮ ವಾಚ್ ತನ್ನ 10 ಕಿ.ಮೀ. ಮುಗಿಸಿತ್ತು. ರೇಸ್ ಮುಗಿದಿರಲಿಲ್ಲ.

ಮತ್ತೆ ಆ 150 ಮೀಟರ್ ಎಲ್ಲಿಂದ ಬಂತು? ಇದಕ್ಕೆ ಉತ್ತರ ಗೊತ್ತಾದರೆ ಮುಂದಿನ ಸಲ ಒಂದು ಗಂಟೆಯ ಒಳಗೆ ಬರುವ ದಾರಿಯೂ ಅರ್ಧ ಗೊತ್ತಾದ ಹಾಗೆ.

ಒಂದು ಸರಿಯಾದ 10ಕೆ ರಸ್ತೆಯನ್ನು ಜಿಪಿಎಸ್‌ನಿಂದ ಅಳೆಯುವುದಿಲ್ಲ. ಸೈಕಲ್‌ನಲ್ಲಿ ಅಳೆಯುತ್ತಾರೆ! ಮುಂದಿನ ಚಕ್ರದ ಹತ್ತಿರ ಜೋನ್ಸ್ ಕೌಂಟರ್ ಅನ್ನುವ ಸಣ್ಣ ಎಣಿಕೆಯ ಯಂತ್ರ ಕೂರಿಸಿರುತ್ತಾರೆ. ಮೊದಲು ಸ್ಟೀಲ್ ಟೇಪ್ ಹಿಡಿದು ಒಂದು ನೇರ ರಸ್ತೆಯನ್ನು ಅಳೆದು, ಅದರ ಮೇಲೆ ಹಲವು ಸಲ ಸೈಕಲ್ ಓಡಿಸಿ, ಇಷ್ಟು ದೂರಕ್ಕೆ ಇಷ್ಟು ಎಣಿಕೆ ಅಂತ ಗೊತ್ತುಮಾಡಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ಬಂದು ಮತ್ತೆ ಪರೀಕ್ಷೆ. ಬಿಸಿಲೇರಿದರೆ ಟಯರಿನ ಗಾಳಿ ಹಿಗ್ಗಿ ಎಣಿಕೆ ಬದಲಾಗುತ್ತದೆ, ಅದಕ್ಕೆ. 1960ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಜಾನ್ ಜ್ಯೂಯೆಲ್ ರೂಢಿಗೆ ತಂದ ಈ ವಿಧಾನವೇ ಇವತ್ತಿಗೂ ಪ್ರಮಾಣ. ಉಪಗ್ರಹಗಳ ಕಾಲದಲ್ಲೂ ಸೈಕಲ್ಲೇ ಗೆದ್ದಿದೆ ಅಂದರೆ ನನಗಂತೂ ಖುಷಿ.

ಸೈಕಲ್ ಹೋಗುವ ದಾರಿ ಮುಖ್ಯ. ತಿರುವಿನಲ್ಲಿ ಒಳಅಂಚಿನಿಂದ ಬರೀ 30 ಸೆಂಟಿಮೀಟರ್ ದೂರ ಇಟ್ಟುಕೊಂಡು, ಒಂದು ತಿರುವಿನಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದ ಹಾಗೆ ಹೋಗಬೇಕು. ಓಟಗಾರರಿಗೆ ಬಿಟ್ಟಿರುವ ಜಾಗದಲ್ಲಿ ಅತಿ ಕಡಿಮೆ ದೂರದ ದಾರಿ ಅದು. ಅದರ ಮೇಲೆ ಕಿಲೋಮೀಟರಿಗೆ 1 ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ, ಯಾವ ಕಾರಣಕ್ಕೂ ದೂರ ಕಡಿಮೆ ಬೀಳದಿರಲಿ ಅಂತ. ಅಂದರೆ ಪ್ರಮಾಣಿತ 10ಕೆ ಹುಟ್ಟುವಾಗಲೇ 10,010 ಮೀಟರ್.

ಇಷ್ಟೊಂದು ಭಯ ಯಾಕೆ ಅಂದರೆ, 1981ರಲ್ಲಿ ಅಮೆರಿಕದ ಓಟಗಾರ ಅಲ್ಬರ್ಟೊ ಸಲಜಾರ್ ನ್ಯೂಯಾರ್ಕ್ ಮ್ಯಾರಥಾನನ್ನು 2:08:13ಕ್ಕೆ ಮುಗಿಸಿದಾಗ ಅದು ವಿಶ್ವದಲ್ಲೇ ಅತಿ ವೇಗದ್ದು ಅಂತ ಸುದ್ದಿಯಾಯಿತು. ಆಮೇಲೆ ರಸ್ತೆ ಅಳೆದು ನೋಡಿದರೆ ಸುಮಾರು 148 ಮೀಟರ್ ಕಡಿಮೆ. ಆ ದಾಖಲೆ ಹೋಯಿತು. ನಿಮ್ಮ 150 ಮೀಟರಿಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ಅಳತೆ, ನೋಡಿ.

ಸರಿ, 10 ಮೀಟರಿನ ಲೆಕ್ಕ ಸಿಕ್ಕಿತು. ಉಳಿದ 140? ಸ್ವಲ್ಪ ನಿಮ್ಮದು, ಸ್ವಲ್ಪ ವಾಚಿನದು.

ನಿಮ್ಮದು ಅಂದರೆ ತಿರುವುಗಳು. ನಮಗೆ ಎಡಗಡೆ ಓಡಿ ಅಭ್ಯಾಸ. ಎಡಕ್ಕೆ ತಿರುಗುವಾಗ ಅದರಿಂದ ನಷ್ಟವಿಲ್ಲ. ಬಲಕ್ಕೆ ತಿರುಗುವಾಗ ಮಾತ್ರ ನೀವು ರಸ್ತೆಯ ಹೊರ ಅಂಚಿನಲ್ಲಿರುತ್ತೀರಿ. ಒಳಅಂಚಿನಿಂದ 8 ಮೀಟರ್ ಹೊರಗಿದ್ದರೆ ಒಂದೇ ತಿರುವಿನಲ್ಲಿ 12 ಮೀಟರಿಗೂ ಜಾಸ್ತಿ ಓಡಿದ ಹಾಗೆ. ಅಂಥವು ಐದಾರು ಬಂದರೆ ಲೆಕ್ಕ ಹಾಕಿಕೊಳ್ಳಿ. ಇದರ ಮೇಲೆ ಮೊದಲ ಎರಡು ಕಿ.ಮೀ.ಯಲ್ಲಿ ಸೆಲ್ಫಿ ತೆಗೆಯುವವರು, ನಾಲ್ಕು ಜನ ಸಾಲಾಗಿ ನಡೆಯುವವರು, ನೀರಿನ ಟೇಬಲ್ ಕಂಡ ಕೂಡಲೇ ಅಡ್ಡ ಬರುವವರು. ಇವರನ್ನೆಲ್ಲ ತಪ್ಪಿಸಿಕೊಂಡು ಹಾವಿನ ಹಾಗೆ ಓಡಿದ್ದೂ ದೂರವೇ ಅಲ್ವಾ?

ವಾಚಿನದು ಬೇರೆ ಕಥೆ. ಅದು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ 'ನಾನು ಇಲ್ಲಿದ್ದೇನೆ' ಅಂತ ಚುಕ್ಕೆ ಇಟ್ಟುಕೊಳ್ಳುತ್ತದೆ. ಪ್ರತಿ ಚುಕ್ಕೆಯೂ ಕೆಲವು ಮೀಟರ್ ಆಚೀಚೆ ಇರಬಹುದು. ಚುಕ್ಕೆ ಸೇರಿಸಿ ಗೆರೆ ಎಳೆದರೆ ನೇರ ರಸ್ತೆಯೂ ಅಂಕುಡೊಂಕಾಗುತ್ತದೆ, ದೂರ ಬೆಳೆಯುತ್ತದೆ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ, ಎಂ.ಜಿ. ರಸ್ತೆಯ ಎತ್ತರದ ಕಟ್ಟಡಗಳ ಪಕ್ಕ ಇದು ಇನ್ನೂ ಜಾಸ್ತಿ. ಓಡಿ ಬಂದು ಮ್ಯಾಪ್ ತೆಗೆದು ನೋಡಿ. ನೀವು ಯಾವುದೋ ಬ್ಯಾಂಕಿನ ಒಳಗೆ ಹೊಕ್ಕು ಹೊರಬಂದ ಹಾಗೆ ಇರುತ್ತದೆ. ಕೆಲವು ಸಲ ಉಲ್ಟಾ, ತಿರುವುಗಳನ್ನು ಕತ್ತರಿಸಿ ದೂರ ಕಡಿಮೆಯನ್ನೂ ತೋರಿಸುತ್ತದೆ. ಆಗ ಯಾರೂ ನನಗೆ ಫೋಟೋ ಕಳಿಸುವುದಿಲ್ಲ, ಅದು ಬೇರೆ ಮಾತು.

ಫೋನ್ ಆ್ಯಪ್ ಬಳಸುವವರಿಗೆ ಇನ್ನೊಂದು ಬಲೆ ಇದೆ. ಆಟೋ ಪಾಝ್ ಹಾಕಿಕೊಂಡಿದ್ದರೆ ನೀವು ನೀರು ಕುಡಿಯಲು ನಿಂತಾಗ ಗಡಿಯಾರವೂ ನಿಲ್ಲುತ್ತದೆ. 'ಮೂವಿಂಗ್ ಟೈಮ್' ಅಂತ ತೋರಿಸುವುದು ಅದನ್ನೇ. ರೇಸ್‌ನಲ್ಲಿ ನಿಂತದ್ದೂ ಲೆಕ್ಕವೇ. ರೇಸ್ ದಿನ ಅದನ್ನು ಆಫ್ ಮಾಡಿಬಿಡಿ.

ಇಷ್ಟು ಓದಿ 'ಹೋಗಲಿ ಬಿಡಿ, 4 ಸೆಕೆಂಡ್ ತಾನೆ' ಅನ್ನಿಸಬಹುದು. ಆದರೆ ವಾಚನ್ನು ಕಣ್ಣುಮುಚ್ಚಿ ನಂಬುವುದರ ನಷ್ಟ ರೇಸ್ ದಿನಕ್ಕಿಂತ ವಾರದ ಅಭ್ಯಾಸದಲ್ಲಿ ಜಾಸ್ತಿ. ನನಗೆ ಹೇಳಬೇಕಿರುವುದು ಮುಖ್ಯವಾಗಿ ಇದೇ.

ಬೆಂಗಳೂರಿನ ಬಹಳಷ್ಟು ಕ್ಲಬ್‌ಗಳ ವಾರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಂದು ದಿನ ಟ್ರ್ಯಾಕ್‌ನಲ್ಲಿ ಇಂಟರ್ವಲ್ (ನಡುನಡುವೆ ಸುಧಾರಿಸಿಕೊಂಡು ಓಡುವ ವೇಗದ ಸುತ್ತುಗಳು), ಒಂದು ದಿನ ಟೆಂಪೋ (ಒಂದೇ ಬಿರುಸಿನಲ್ಲಿ ಸುಮಾರು ಹೊತ್ತಿನ ಓಟ) ಅಥವಾ ಏರು ಓಟ, ಭಾನುವಾರ ಲಾಂಗ್ ರನ್. ನಡುವೆ ನಿಧಾನದ ಓಟ, ವಿಶ್ರಾಂತಿ. ಕಂಠೀರವ ಕ್ರೀಡಾಂಗಣದಂಥ ಟ್ರ್ಯಾಕ್‌ನಲ್ಲಿ ಬೆಳಿಗ್ಗೆ ಹೋಗಿ ನೋಡಿ. ಕೋಚ್ 'ನಾನೂರು ಮೀಟರ್, ಎಂಟು ಸಲ, ಒಂದೊಂದೂ 2:12' ಅನ್ನುತ್ತಾರೆ. ಅದು 5:30ರ ಪೇಸ್, ಗಂಟೆಯ ಒಳಗೆ 10ಕೆ ಮುಗಿಸಬೇಕೆನ್ನುವವರಿಗೆ ಹೇಳಿ ಮಾಡಿಸಿದ್ದು. ಒಂದನೇ ಲೇನ್‌ನಲ್ಲಿ ವೇಗದವರ ಗುಂಪು ಓಡುತ್ತಿರುತ್ತದೆ. ಸಂಕೋಚದಿಂದ ನೀವು ನಾಲ್ಕನೇ ಲೇನ್ ಹಿಡಿಯುತ್ತೀರಿ.

400 ಮೀಟರ್ ಅಂದರೆ ಒಂದನೇ ಲೇನಿನ ಒಂದು ಸುತ್ತು ಮಾತ್ರ. ಹೊರಗೆ ಹೋದಂತೆ ಪ್ರತಿ ಲೇನಿಗೂ ಏಳೂವರೆ ಮೀಟರಿನ ಆಸುಪಾಸು ಬೆಳೆಯುತ್ತದೆ. ನಾಲ್ಕನೆಯದರಲ್ಲಿ ಒಂದು ಸುತ್ತು 422 ಮೀಟರ್, ಎಂಟನೆಯದರಲ್ಲಿ 453. ಸರಿಯಾಗಿ 5:30ರ ಪೇಸ್‌ನಲ್ಲೇ ಓಡಿದರೂ ನಾಲ್ಕನೇ ಲೇನ್‌ನಲ್ಲಿ ಒಂದು ಸುತ್ತಿಗೆ 2:19 ಆಗುತ್ತದೆ. ನಿಮಗೆ ಗಾಬರಿ. ಹೇಗಾದರೂ 2:12ಕ್ಕೆ ಇಳಿಸಬೇಕು ಅಂತ ನುಗ್ಗುತ್ತೀರಿ. ಆಗ ನೀವು ಓಡುತ್ತಿರುವುದು 5:12ರ ಪೇಸ್. ಐದನೇ ಸುತ್ತಿಗೆ ಕಾಲು ಸತ್ತುಹೋಗುತ್ತದೆ, 'ನನಗೆ ಸ್ಪೀಡ್ ವರ್ಕ್ ಆಗಿಬರಲ್ಲ' ಅಂತ ಮುಂದಿನ ವಾರ ಚಕ್ಕರ್ ಹೊಡೆಯುತ್ತೀರಿ. ನಿಮಗೆ ಶಕ್ತಿ ಕಡಿಮೆ ಇತ್ತು ಅಂತಲ್ಲ. ಲೇನ್ ತಪ್ಪಿತ್ತು, ಅಷ್ಟೇ.

ಸಾಮಾನ್ಯ ರನ್ನಿಂಗ್ ಮೋಡ್‌ನಲ್ಲಿರುವ ವಾಚ್ ಇಲ್ಲಿ ಸಹಾಯ ಮಾಡುವುದಿಲ್ಲ. ಸುತ್ತುವ ದಾರಿಯಲ್ಲಿ ಅದರ ಲೆಕ್ಕ ಇನ್ನೂ ಕೆಡುತ್ತದೆ. ಕೆಲವು ವಾಚ್‌ಗಳಲ್ಲಿ ಟ್ರ್ಯಾಕ್ ಮೋಡ್ ಇದೆ, ಲೇನ್ ಯಾವುದು ಅಂತ ಹೇಳಿದರೆ ಸರಿಯಾಗಿ ಎಣಿಸುತ್ತದೆ. ಇಲ್ಲದಿದ್ದರೆ ಚಿಂತೆ ಬೇಡ, ಬಟನ್ ಒತ್ತಿ ಸುತ್ತು ಎಣಿಸಿದರೆ ಸಾಕು. ಒಂದನೇ ಲೇನ್‌ನಲ್ಲಿ ಜಾಗ ಕೇಳುವುದಕ್ಕೆ ಸಂಕೋಚ ಪಡಬೇಡಿ. ವೇಗದವರು ಬಂದಾಗ 'ಟ್ರ್ಯಾಕ್' ಅಂತ ಕೂಗುತ್ತಾರೆ, ಪಕ್ಕಕ್ಕೆ ಸರಿದರಾಯಿತು. ತಿಂಗಳಿಗೊಮ್ಮೆ ಅದೇ ಲೇನ್‌ನಲ್ಲಿ ಏಳೂವರೆ ಸುತ್ತಿನ ಟೈಮ್ ಟ್ರಯಲ್ ಮಾಡಿ. 3 ಕಿ.ಮೀ. ಪಕ್ಕಾ. ಯಾವ ಉಪಗ್ರಹವೂ ಅದನ್ನು ಅಲ್ಲಗಳೆಯುವ ಹಾಗಿಲ್ಲ.

ಇನ್ನು ಮುಂದಿನ ರೇಸ್. ನಿಮ್ಮ ವಾಚ್ 10.15 ಕಿ.ಮೀ. ತೋರಿಸುವುದಾದರೆ, ಗಂಟೆಯ ಒಳಗೆ ಬರಲು ವಾಚ್ ಮೇಲೆ 6:00 ಕಂಡರೆ ಸಾಲದು. 5:54 ಬೇಕು. ನಾನಾದರೆ 5:50 ಇಟ್ಟುಕೊಳ್ಳುತ್ತೇನೆ. ವಾಚ್ ತನ್ನಷ್ಟಕ್ಕೇ ಕಿ.ಮೀ. ಎಣಿಸುವ ಆಟೋ ಲ್ಯಾಪ್ ಆಫ್ ಮಾಡಿ, ರಸ್ತೆಯ ಮೇಲಿನ ಕಿಲೋಮೀಟರ್ ಬೋರ್ಡ್ ದಾಟಿದಾಗಲೆಲ್ಲ ನೀವೇ ಬಟನ್ ಒತ್ತಿ. 5 ಕಿ.ಮೀ. ಬೋರ್ಡಿನ ಹತ್ತಿರ ಒಟ್ಟು 29:40 ಇದ್ದರೆ ನೆಮ್ಮದಿಯಾಗಿ ಮುಂದೆ ಹೋಗಿ. ತಿರುವು ದೂರದಲ್ಲಿ ಕಾಣಿಸಿದಾಗಲೇ ಒಳಅಂಚಿನ ಕಡೆ ನಿಧಾನವಾಗಿ ಸರಿಯುತ್ತಾ ಬನ್ನಿ, ಹಿಂದೆ ಬರುವವರಿಗೆ ಅಡ್ಡ ಬೀಳದ ಹಾಗೆ. ಇದೆಲ್ಲ ರಸ್ತೆ ಮುಚ್ಚಿದ ರೇಸ್‌ನಲ್ಲಿ ಮಾತ್ರ. ಭಾನುವಾರದ ಲಾಂಗ್ ರನ್‌ನಲ್ಲಿ ಬಸ್ಸಿನ ಮುಂದೆ ನೇರ ಗೆರೆ ಎಳೆಯಲು ಹೋಗಬೇಡಿ, ದಯವಿಟ್ಟು.

ವಾಚ್ ಯಾವತ್ತೂ ಸುಳ್ಳೇ ಅಂತ ನಾನು ಹೇಳುತ್ತಿಲ್ಲ. ಎಲ್ಲ ರೇಸ್‌ಗಳನ್ನೂ ಸೈಕಲ್‌ನಲ್ಲಿ ಅಳೆದಿರುವುದಿಲ್ಲ. ಬಡಾವಣೆಯ ಸಂಘದವರು ಮೊಬೈಲ್ ಮ್ಯಾಪ್ ನೋಡಿಕೊಂಡು ಗೊತ್ತುಮಾಡಿದ 10ಕೆ ಒಂಬತ್ತೂವರೆ ಇರಬಹುದು, ಹತ್ತೂಮುಕ್ಕಾಲು ಇರಬಹುದು. ಒಬ್ಬರ ವಾಚ್ 9.6 ಅಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂವತ್ತು ಜನರದ್ದೂ 9.6 ಅಂದರೆ ರಸ್ತೆಯ ಮೇಲೆ ಅನುಮಾನ ಪಡುತ್ತೇನೆ. ದೊಡ್ಡವರೂ ಎಡವುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013ರಿಂದ 2015ರವರೆಗೆ ಮೂರು ವರ್ಷವೂ 380 ಮೀಟರ್ ಕಡಿಮೆ ಇತ್ತು ಅಂತ ಆಮೇಲೆ ಗೊತ್ತಾಯಿತು. 2021ರ ಬ್ರೈಟನ್ ಮ್ಯಾರಥಾನ್ 568 ಮೀಟರ್ ಹೆಚ್ಚಾಗಿತ್ತು. ಅಂಥ ಅನುಮಾನ ಬಂದ ರೇಸ್‌ನ ಟೈಮನ್ನು ನಮ್ಮ ಪಟ್ಟಿಯಲ್ಲಿ ಹಾಕುತ್ತೇನೆ, ಆದರೆ ಪಿ.ಬಿ. (ಪರ್ಸನಲ್ ಬೆಸ್ಟ್, ಅವರವರ ಅತಿ ಒಳ್ಳೆಯ ಟೈಮ್) ಕಾಲಮ್ಮಿಗೆ ಸೇರಿಸುವುದಿಲ್ಲ. ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ನಂಥ ಮಣ್ಣುದಾರಿಯ ಓಟಗಳಿಗೂ ಬೇರೆಯದೇ ಪುಟ. ಕಾಲುವೆ ಏರಿಯ ಮೇಲೆ ಓಡಿದ ಟೈಮನ್ನು ಡಾಂಬರಿನ ಟೈಮಿಗೆ ಹೋಲಿಸಿ ಬೇಸರ ಪಡುವುದು ಸುಮ್ನೆ.

ಹಾಗಾದರೆ ಫಲಿತಾಂಶ ತಪ್ಪು ಅಂತ ಯಾವಾಗ ದೂರು ಕೊಡಬಹುದು? ನಿಮ್ಮ ಗನ್ ಟೈಮ್ ಮತ್ತು ನೆಟ್ ಟೈಮ್ ಎರಡೂ ಒಂದೇ ಇದ್ದು, ನೀವು ಹಿಂದಿನ ಸಾಲಿನಲ್ಲಿ ನಿಂತಿದ್ದರೆ, ಸ್ಟಾರ್ಟ್ ಮ್ಯಾಟ್ ನಿಮ್ಮ ಚಿಪ್ಪನ್ನು ಓದಿಲ್ಲ ಅಂತ ಅರ್ಥ. ನಡುವಿನ ಮ್ಯಾಟ್‌ನ ಸ್ಪ್ಲಿಟ್ (ಅಲ್ಲಿಯ ತನಕದ ಟೈಮ್) ಇಲ್ಲದೆ ಹೆಸರೇ ಪಟ್ಟಿಯಿಂದ ಹೋಗಿದ್ದರೂ ಕೇಳಬಹುದು. ಅಡ್ಡದಾರಿ ಹಿಡಿದವರನ್ನು ಹಿಡಿಯುವುದಕ್ಕೇ ಆ ಮ್ಯಾಟ್ ಇಟ್ಟಿರುವುದು, ಕೆಲವೊಮ್ಮೆ ಪಾಪದವರೂ ಸಿಕ್ಕಿಬೀಳುತ್ತಾರೆ. ಬಿಬ್ ಮಡಚಿದ್ದರೆ, ಜಾಕೆಟ್ಟಿನ ಒಳಗಿದ್ದರೆ, ನೀರಿನ ಬೆಲ್ಟ್ ಅದರ ಮೇಲೆ ಕೂತಿದ್ದರೆ ಹೀಗಾಗುವ ಸಾಧ್ಯತೆ ಜಾಸ್ತಿ. ಎದೆಯ ಮೇಲೆ, ಚಪ್ಪಟೆಯಾಗಿ, ನಾಲ್ಕು ಪಿನ್ ಹಾಕಿ. ಗೆಳೆಯನ ಬಿಬ್ ಹಾಕಿಕೊಂಡು ಓಡಿದ್ದರೆ ಮಾತ್ರ ನನ್ನ ಹತ್ತಿರ ಬರಬೇಡಿ. ಟೈಮ್ ಅವನ ಹೆಸರಿಗೆ, ಅವನ ವಯಸ್ಸಿನ ವಿಭಾಗಕ್ಕೆ ಹೋಗಿರುತ್ತದೆ.

ದೂರು ಕೊಡುವಾಗ ಬಿಬ್ ನಂಬರ್, ಫಿನಿಶ್ ಫೋಟೋ, ಜೊತೆಗೆ ವಾಚಿನ ಫೈಲ್ ಕಳಿಸಿ. ನೀವು ಗೆರೆ ದಾಟಿದ್ದು ಎಷ್ಟು ಹೊತ್ತಿಗೆ ಅಂತ ಅದರಲ್ಲಿ ಇರುತ್ತದೆ, ಅಲ್ಲಿ ಅದರ ಸಾಕ್ಷಿಗೆ ಬೆಲೆ ಉಂಟು. ಪಟ್ಟಿ ಅಂತಿಮವಾಗುವ ಮೊದಲೇ ಬರೆಯಿರಿ. ಆಯೋಜಕರು ತಿದ್ದಿ ಕಳಿಸಿದರೆ ನಾನೂ ಅದೇ ದಿನ ತಿದ್ದುತ್ತೇನೆ.