ಎರಡಡಿ ಟ್ಯಾಂಕಿನಲ್ಲಿ ಆಸ್ಕರ್ ತಿರುಗುವುದು ಹೇಗೆ?

ಆಸ್ಕರ್ ಮೀನಿನ ಮರಿ ತಂದ ಏಳೆಂಟು ತಿಂಗಳಿಗೆ ನನಗೆ ಫೋನ್ ಬರುತ್ತದೆ. ಮಾತು ಹೆಚ್ಚುಕಮ್ಮಿ ಒಂದೇ. "ಸಾರ್, ಮೀನು ಮೂಲೆ ಬಿಟ್ಟು ಬರ್ತಿಲ್ಲ, ಸರಿಯಾಗಿ ತಿಂತಿಲ್ಲ, ಎರಡೇ ದಿನಕ್ಕೆ ನೀರು ಮಬ್ಬಾಗುತ್ತೆ. ಫಿಲ್ಟರ್ ಕೆಟ್ಟಿದೆಯಾ ಸ್ವಲ್ಪ ನೋಡಿ." ಬೆಂಗಳೂರಿನ ಮನೆಗಳಲ್ಲಿ ಅಕ್ವೇರಿಯಂ ಕೂರಿಸುವುದು, ನೋಡಿಕೊಳ್ಳುವುದು ನನ್ನ ಕೆಲಸ. ಹೋಗಿ ನೋಡಿದರೆ ಫಿಲ್ಟರ್ ಚೆನ್ನಾಗಿಯೇ ಓಡುತ್ತಿರುತ್ತದೆ. ಟ್ಯಾಂಕು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಒಳಗೆ ಮುಕ್ಕಾಲು ಅಡಿ ಬೆಳೆದ ಆಸ್ಕರ್.

ತಂದಾಗ ಅದು ಎರಡಿಂಚಿನ ಮರಿ. ಕೈ ತೋರಿಸಿದ ಕಡೆ ಓಡಿ ಬರುತ್ತದೆ, ಮನೆಯವರ ಗುರುತು ಹಿಡಿಯುತ್ತದೆ, ಮಕ್ಕಳಿಗಂತೂ ಪ್ರಾಣ. ಅಮೆಜಾನ್ ನದಿಯ ಕಡೆಯ ಈ ಮೀನು ಚೆನ್ನಾಗಿ ತಿಂದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು ಒಂದಿಂಚು ಬೆಳೆಯುತ್ತದೆ. ಪೂರ್ತಿ ಬೆಳೆದರೆ ಒಂದಡಿ. ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ.

ಎಲ್ಲರೂ ನೋಡುವುದು ಉದ್ದ. ನಾನು ನೋಡಿ ಅನ್ನುವುದು ತೂಕ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಯಾಕೆಂದರೆ ಮೈಯ ಎತ್ತರ, ದಪ್ಪ ಎರಡೂ ಜೊತೆಜೊತೆಗೇ ಬೆಳೆದಿರುತ್ತವೆ. ಎರಡಿಂಚಿನ ಮರಿ ಹತ್ತಿಂಚು ಆದಾಗ ಉದ್ದ ಐದು ಪಟ್ಟು, ತೂಕ ಸುಮಾರು 125 ಪಟ್ಟು! ತೂಕಕ್ಕೆ ಹೋಲಿಸಿದರೆ ದೊಡ್ಡ ಮೀನು ಮರಿಗಿಂತ ಕಮ್ಮಿ ತಿನ್ನುತ್ತದೆ, ಹಾಗಾಗಿ ಗಲೀಜು 125 ಪಟ್ಟು ಏರುವುದಿಲ್ಲ, ಆದರೆ ಹತ್ತಾರು ಪಟ್ಟು ಏರುವುದಂತೂ ಖಂಡಿತ. ನೀರು ಮಾತ್ರ ಅಷ್ಟೇ ಇದೆ, 56 ಲೀಟರ್. ಅಂಗಡಿಗಳಲ್ಲಿ ಹೇಳುವ "ಇಂಚಿಗೊಂದು ಗ್ಯಾಲನ್" ಲೆಕ್ಕವನ್ನು (ಮೀನಿನ ಪ್ರತಿ ಇಂಚು ಉದ್ದಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್‌ಗೆ ಸ್ವಲ್ಪ ಕಮ್ಮಿ ನೀರು) ನಾನು ಒಪ್ಪದಿರುವುದು ಇದಕ್ಕೇ. ಒಂದಿಂಚಿನ ಹತ್ತು ಟೆಟ್ರಾ ಮೀನೂ ಹತ್ತಿಂಚಿನ ಒಂದು ಆಸ್ಕರೂ ಆ ಲೆಕ್ಕದಲ್ಲಿ ಸಮ. ತಕ್ಕಡಿಯಲ್ಲಿಟ್ಟು ನೋಡಿ, ಗೊತ್ತಾಗುತ್ತದೆ.

ಮೀನು ತನ್ನ ಕಿವಿರುಗಳಿಂದಲೇ ಅಮೋನಿಯಾ ಬಿಡುತ್ತದೆ. ಫಿಲ್ಟರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲ ಎರಡು ತುಂಬಾ ವಿಷ. ನೈಟ್ರೇಟ್ ಅಷ್ಟು ಅಪಾಯವಲ್ಲ, ಆದರೆ ಸಾಮಾನ್ಯ ಫಿಲ್ಟರ್‌ಗೆ ಅದನ್ನು ತೆಗೆಯಲು ಬರುವುದಿಲ್ಲ, ನೀವು ನೀರು ಬದಲಿಸುವ ತನಕ ಅಲ್ಲೇ ಸೇರುತ್ತಾ ಹೋಗುತ್ತದೆ. "ಇನ್ನೊಂದು ಫಿಲ್ಟರ್ ಹಾಕಿಬಿಡಿ ಸಾರ್" ಅನ್ನುವವರಿಗೆ ನಾನು ಇದನ್ನೇ ಬಿಡಿಸಿ ಹೇಳುತ್ತೇನೆ.

ಇನ್ನೊಂದು ಮಾತು ಎಲ್ಲ ಕಡೆ ಕೇಳುತ್ತೇನೆ: ಮೀನು ಟ್ಯಾಂಕಿಗೆ ತಕ್ಕ ಹಾಗೆ ಬೆಳೆಯುತ್ತದೆ, ಚಿಕ್ಕದರಲ್ಲಿಟ್ಟರೆ ಚಿಕ್ಕದಾಗಿಯೇ ಇರುತ್ತದೆ. ದಯವಿಟ್ಟು ನಂಬಬೇಡಿ. ಬೆಳವಣಿಗೆ ಕುಂಠಿತವಾಗುವುದು ನಿಜ, ಅದು ಆಗುವುದು ಕೆಟ್ಟ ನೀರಿನಿಂದ. ಅಂಥ ಮೀನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೈಗೆ ಹೋಲಿಸಿದರೆ ಕಣ್ಣು ದೊಡ್ಡದು, ಬೆನ್ನು ಡೊಂಕು, ತಲೆಯ ಮೇಲೆ ಸಣ್ಣ ಸಣ್ಣ ಗುಳಿ. ನೋಡಿದರೆ ಸಂಕಟವಾಗುತ್ತದೆ.

ಹಾಗಾದರೆ ಎಷ್ಟು ದೊಡ್ಡ ಟ್ಯಾಂಕು ಬೇಕು? ಮೊದಲು ಅಗಲ ನೋಡಿ. ಒಂದಡಿ ಮೀನು ಒಂದಡಿ ಅಗಲದಲ್ಲಿ ತಿರುಗಬೇಕಾದರೆ ಮೈ ಮಡಿಸಬೇಕು, ಪ್ರತಿ ಸಲ, ದಿನಕ್ಕೆ ಎಷ್ಟೋ ನೂರು ಸಲ. ಅದಕ್ಕೇ ಒಂದು ಆಸ್ಕರ್‌ಗೆ ನಾನು ಹೇಳುವ ಕನಿಷ್ಠ ಅಳತೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 255 ಲೀಟರ್. ಮೇಲೆ ಬಿಡುವ ಜಾಗ, ಕೆಳಗಿನ ಕಲ್ಲು ಕಳೆದರೆ ಇನ್ನೂ ಕಮ್ಮಿ. ಇನ್ನೊಂದಿಷ್ಟು ಖರ್ಚು ಮಾಡುವ ಶಕ್ತಿ ಇದ್ದರೆ ಅದನ್ನು ಎತ್ತರಕ್ಕೆ ಹಾಕಬೇಡಿ. ಅಗಲವನ್ನು 2 ಅಡಿ ಮಾಡಿಸಿ. ಎತ್ತರದ ಟ್ಯಾಂಕು ಹಾಲ್‌ನಲ್ಲಿ ಚೆಂದ ಕಾಣುತ್ತದೆ, ಆದರೆ ತಿರುಗಲು ಜಾಗವೂ ಕೊಡುವುದಿಲ್ಲ, ಗಾಳಿ ತಾಗುವ ನೀರಿನ ಮೈಯೂ ಜಾಸ್ತಿಯಾಗುವುದಿಲ್ಲ.

ದೊಡ್ಡ ಟ್ಯಾಂಕಿಗೆ ದೊಡ್ಡ ಭಾರವೂ ಇದೆ. ನಾಲ್ಕಡಿಯದು ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ 350 ಕಿಲೋ ಆಸುಪಾಸು. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ್ದಕ್ಕೆ ನೀರೇ 680 ಕಿಲೋ, ಅಂದರೆ ಒಂದು ಮಾರುತಿ 800 ಕಾರಿನ ತೂಕ! ಮಹಡಿ ಮನೆಯಾದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಇದನ್ನು ಕೂರಿಸಬೇಡಿ. ಬಾಡಿಗೆ ಮನೆಯಾದರೆ ಓನರ್‌ಗೂ ಹೇಳಿ.

ನೀರಿನ ಲೆಕ್ಕವನ್ನು ಜನ ಮರೆತೇಬಿಡುತ್ತಾರೆ. ಆಸ್ಕರ್ ಟ್ಯಾಂಕಿನಲ್ಲಿ ವಾರಕ್ಕೆ ಮೂರನೇ ಒಂದು ಭಾಗ ನೀರು ಬದಲಿಸಬೇಕು, ಅಂದರೆ ವಾರವಾರ ಐದಾರು ಬಕೆಟ್. 2024ರ ಬೇಸಿಗೆ ನೆನಪಿದೆ ಅಲ್ವಾ? ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಅಂದಿತ್ತು. ಟ್ಯಾಂಕರ್ ನೀರಿಗೆ ಕಾಯುತ್ತಿದ್ದ ಮನೆಗಳಲ್ಲಿ ನೀರು ಬದಲಿಸುವುದು ಹದಿನೈದು ದಿನ, ತಿಂಗಳು ಅಂತ ಮುಂದೆ ಹೋಯಿತು. ಆ ದಿನಗಳಲ್ಲೂ ಐದು ಬಕೆಟ್ ಹೊಂದಿಸಲು ಆಗುತ್ತಾ ಅಂತ ಮೊದಲೇ ಯೋಚಿಸಿ. ತೆಗೆದ ನೀರು ಗಿಡಕ್ಕೆ ಬಲು ಒಳ್ಳೆಯದು, ಚರಂಡಿಗೆ ಬಿಡಬೇಡಿ.

ಕೆಲವು ಮೀನುಗಳ ವಿಷಯದಲ್ಲಿ ನಾನು ಟ್ಯಾಂಕಿನ ಅಳತೆಯನ್ನೇ ಹೇಳುವುದಿಲ್ಲ, ಬೇಡ ಅನ್ನುತ್ತೇನೆ. ಅಂಗಡಿಯಲ್ಲಿ "ಶಾರ್ಕ್" ಅಂತ ಕೊಡುವ ಮೂರಿಂಚಿನ ಬೆಳ್ಳಿ ಬಣ್ಣದ ಮರಿ ಸಾಮಾನ್ಯವಾಗಿ ಪಂಗಾಸಿಯಸ್, ಹೋಟೆಲ್‌ನಲ್ಲಿ ಬಾಸಾ ಅಂತ ತಟ್ಟೆಗೆ ಬರುವ ಮೀನು ಅದೇ. ಒಂದು ಮೀಟರ್ ದಾಟಿ ಬೆಳೆಯುತ್ತದೆ, ಬೆದರಿದರೆ ಹೋಗಿ ಗಾಜಿಗೆ ಗುದ್ದುತ್ತದೆ. ಕೆಂಪು ಬಾಲದ ಕ್ಯಾಟ್‌ಫಿಶ್ ಕೂಡ ಹಾಗೇ. ಗಾಜು ಕ್ಲೀನ್ ಮಾಡುತ್ತದೆ ಅಂತ ಸುಮ್ನೆ ಜೊತೆಗೆ ಕೊಡುವ ಸಕ್ಕರ್ ಫಿಶ್ ಒಂದೂವರೆ ಅಡಿಯವರೆಗೂ ಆಗುತ್ತದೆ, ಅದು ಮಾಡುವ ಗಲೀಜೇ ಜಾಸ್ತಿ.

ಈಗಾಗಲೇ ಚಿಕ್ಕ ಟ್ಯಾಂಕಿನಲ್ಲಿ ಆಸ್ಕರ್ ಇದ್ದರೆ ಗಾಬರಿ ಬೇಡ. ಆಹಾರ ಕಮ್ಮಿ ಮಾಡಿ, ವಾರಕ್ಕೆ ಎರಡು ಸಲ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರನ್ನೇ ಹಾಕಿ. ಅಷ್ಟರಲ್ಲಿ ದೊಡ್ಡ ಟ್ಯಾಂಕು ಮಾಡಿಸಿ, ಇಲ್ಲವಾದರೆ ದೊಡ್ಡ ಟ್ಯಾಂಕು ಇರುವವರಿಗೆ ಕೊಟ್ಟುಬಿಡಿ. ಕೆರೆಗೆ ಮಾತ್ರ ಬಿಡಬೇಡಿ. 2018ರ ಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅಮೆಜಾನಿನ ಅರಪೈಮಾ ಎಂಬ ದೈತ್ಯ ಮೀನು ಬಲೆಗೆ ಬಿತ್ತು. ಸಕ್ಕರ್ ಫಿಶ್ ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಈಗಾಗಲೇ ಬೇರೂರಿದೆ.

ಇನ್ನೂ ಮೀನು ತಂದಿಲ್ಲ ಅನ್ನುವವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ನ್ಯೂಸ್‌ಪೇಪರ್ ಅಂಟಿಸಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ ಕತ್ತರಿಸಿ, ಟ್ಯಾಂಕು ಬರಬೇಕಾದ ಜಾಗದಲ್ಲಿ ಒಂದು ವಾರ ನೆಲಕ್ಕೆ ಹಾಸಿಡಿ, ಅದನ್ನು ತುಳಿಯದೆ ಓಡಾಡಿ. ಹೋದ ವರ್ಷ ಒಬ್ಬರು ಮೂರನೇ ದಿನವೇ ಫೋನ್ ಮಾಡಿ, ರೂಮಿನ ಬಾಗಿಲು ಪೂರ್ತಿ ತೆಗೆಯಲು ಆಗುತ್ತಿಲ್ಲ ಅಂದರು. ಈಗ ಅವರ ಮನೆಯಲ್ಲಿ ಎರಡಡಿ ಟ್ಯಾಂಕಿದೆ, ಅದರಲ್ಲಿ ಹನ್ನೆರಡು ನಿಯಾನ್ ಟೆಟ್ರಾಗಳು ಗುಂಪಾಗಿ ಈ ತುದಿಯಿಂದ ಆ ತುದಿಗೆ ಆರಾಮಾಗಿ ಓಡಾಡಿಕೊಂಡಿವೆ.