ಎರಡು ಅರ್ಥ್ ಗುಂಡಿ, ನಡುವೆ ಒಂದು ರೇಡಿಯೊ

ಹವ್ಯಾಸಕ್ಕಾಗಿ ದೂರದವರೊಡನೆ ರೇಡಿಯೊದಲ್ಲಿ ಮಾತಾಡುವ ಹವ್ಯಾಸಿ (ಹ್ಯಾಮ್) ರೇಡಿಯೊ ಪರವಾನಗಿ ಕೈಸೇರಿದ ವಾರದಲ್ಲೇ ಹಲವರು ನನಗೆ ಫೋನ್ ಮಾಡುತ್ತಾರೆ. "ಸರ್, ಮನೆಯ ಅರ್ಥ್‌ನಲ್ಲಿ ಮಿಕ್ಸಿ, ಇನ್ವರ್ಟರ್‌ಗಳ ವಿದ್ಯುತ್ ಗದ್ದಲ, ರೇಡಿಯೊ ಕರಕರ ಎನ್ನುತ್ತದೆ. ರೇಡಿಯೊಗೆಂದೇ ಬೇರೆ ಗುಂಡಿ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದ್ದೇನೆ." ಗುಂಡಿಯೇನೋ ಚೆನ್ನಾಗಿಯೇ ಇರುತ್ತದೆ. ಅದನ್ನು ಮನೆಯ ಅರ್ಥ್‌ಗೆ ಜೋಡಿಸಿದ್ದೀರಾ ಎಂದು ಕೇಳಿದರೆ, "ಜೋಡಿಸಿದರೆ ಬೇರೆ ತೋಡಿಸಿ ಏನು ಬಂತು?" ಎನ್ನುತ್ತಾರೆ.

ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಪವರ್ ಸಪ್ಲೈನ ಮೂರು ಪಿನ್ನಿನ ಪ್ಲಗ್ ಮೂಲಕ ನಿಮ್ಮ ರೇಡಿಯೊದ ಲೋಹದ ಪೆಟ್ಟಿಗೆ ಸಾಮಾನ್ಯವಾಗಿ ಮನೆಯ ಅರ್ಥ್‌ಗೆ ಆಗಲೇ ಸೇರಿರುತ್ತದೆ. ಹಿಂಬದಿಯ ಸ್ಕ್ರೂಗೆ ಹೊಸ ಗುಂಡಿಯ ತಂತಿಯನ್ನೂ ಬಿಗಿದಿರೋ, ಎರಡು ಗುಂಡಿಗಳ ನಡುವಿನ ಸೇತುವೆ ಆ ರೇಡಿಯೊ ಆಗುತ್ತದೆ. ಸಿಡಿಲು ಬಡಿದಾಗ ನೆಲವೆಲ್ಲ ಒಂದೇ ಮಟ್ಟದಲ್ಲಿ ಇರುವುದಿಲ್ಲ. 10 ಓಮ್‌ನ ಗುಂಡಿಗೆ 20,000 ಆಂಪಿಯರ್ ಇಳಿದರೆ ಕ್ಷಣಮಾತ್ರಕ್ಕೆ ಅದು 2 ಲಕ್ಷ ವೋಲ್ಟ್‌ಗೆ ಏರುತ್ತದೆ. ಮನೆಯ ಆಚೆ ಬದಿಯ ಗುಂಡಿ ಅಷ್ಟು ಏರದು. ಆ ವ್ಯತ್ಯಾಸದಿಂದ ಹುಟ್ಟುವ ಕರೆಂಟ್‌ಗೆ ಹರಿಯಲು ಸಿಗುವ ಸುಲಭದ ದಾರಿ ಆ ಸೇತುವೆಯೇ, ಅಂದರೆ ನಿಮ್ಮ ರೇಡಿಯೊ.

ಸಾಗರ ಪಟ್ಟಣದ ಬಳಿ ತೋಟದ ಮನೆಯ ನಿವೃತ್ತ ಮೇಷ್ಟ್ರೊಬ್ಬರು ಏಪ್ರಿಲ್‌ನ ಒಂದು ಸಂಜೆ ಗುಡುಗು ಕೇಳುವ ಮೊದಲೇ ಆಂಟೆನಾ ಕೇಬಲ್ ಕಳಚಿಟ್ಟಿದ್ದರು. ಪ್ಲಗ್ ಮಾತ್ರ ಗೋಡೆಯಲ್ಲೇ, ಬೇರೆ ಗುಂಡಿಯ ತಂತಿ ಸ್ಕ್ರೂನಲ್ಲೇ ಇತ್ತು. ಸಿಡಿಲು ಬಡಿದದ್ದು ಅಂಗಳದ ತೆಂಗಿನ ಮರಕ್ಕೆ. ಆಂಟೆನಾಗೆ ಏನೂ ಆಗಿರಲಿಲ್ಲ. ರೇಡಿಯೊ ಬಿಚ್ಚಿ ನೋಡಿದೆ. ಅರ್ಥ್ ಸ್ಕ್ರೂ ಸುತ್ತ ಬಣ್ಣ ಸುಟ್ಟು ಕಪ್ಪು ಬಳೆಯಂತೆ ಕಾಣುತ್ತಿತ್ತು. ಒಳಗಿನ ಬೋರ್ಡಿನಲ್ಲಿ ತಾಮ್ರದ ಗೆರೆಯೊಂದು ಇದ್ದ ಗುರುತೇ ಇರಲಿಲ್ಲ. ಪಿಂಚಣಿಯಲ್ಲಿ ಉಳಿಸಿ ಕೊಂಡಿದ್ದ ರೇಡಿಯೊ ಅದು. ನನಗೆ ಇಂದಿಗೂ ಸಂಕಟವಾಗುತ್ತದೆ.

ಗದ್ದಲದ ಮಾತಿಗೆ ಬಂದರೆ, ಅದಕ್ಕೆ ಬೇರೆ ಗುಂಡಿ ಮದ್ದಲ್ಲ. ಮಹಡಿಯಿಂದ 10 ಮೀಟರ್ ತಂತಿ ಇಳಿಸಿದರೆ 7 ಮೆಗಾಹರ್ಟ್ಸ್‌ನಲ್ಲಿ ಅದು ಹೆಚ್ಚುಕಡಿಮೆ ಕಾಲು ತರಂಗಾಂತರ. ಅಷ್ಟುದ್ದದ ತಂತಿ ಆ ಸಂಕೇತವನ್ನು ನೆಲಕ್ಕೆ ಸುಲಭವಾಗಿ ಇಳಿಯಗೊಡದು, ಹಾಗಾಗಿ ರೇಡಿಯೊ ಸಂಕೇತದ ಪಾಲಿಗೆ ಅರ್ಥ್ ಇದ್ದೂ ಇಲ್ಲದಂತೆ. ಆಂಟೆನಾ ಕೇಬಲ್‌ಗೆ ಫೆರೈಟ್ (ಕಾಂತೀಯ ಪಿಂಗಾಣಿಯಂಥ ವಸ್ತು) ಉಂಗುರ ಹಾಕಿ ನೋಡಿ, ಎಷ್ಟೋ ಮನೆಗಳಲ್ಲಿ ಗದ್ದಲ ಅಲ್ಲಿಗೇ ಇಳಿದಿದೆ.

ಕೇಬಲ್ಲನ್ನು ಸಾಧ್ಯವಾದರೆ ಮೀಟರ್ ಬೋರ್ಡ್ ಇರುವ ಬದಿಯಿಂದಲೇ ಒಳತನ್ನಿ. ಗೋಡೆಯ ಹೊರಗೇ ಸಿಡಿಲಿನ ಹೊಡೆತವನ್ನು ನೆಲಕ್ಕೆ ತಿರುಗಿಸುವ ಅರೆಸ್ಟರ್ ಕೂರಿಸಿ, ಅದನ್ನೂ ಮನೆಯ ಅರ್ಥ್‌ಗೇ ಸೇರಿಸಿ. ಇಷ್ಟಾದರೂ ನೇರ ಸಿಡಿಲಿಗೆ ನಾನು ಭರವಸೆ ಕೊಡಲಾರೆ. ಮೋಡ ಕವಿದಾಗಲೇ ಕೇಬಲ್, ಪ್ಲಗ್ ಎರಡನ್ನೂ ಕಳಚಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಮೇಷ್ಟ್ರ ಮನೆಯ ಸುತ್ತ ಒಂದು ಮೊಳ ಆಳದ ಕಾಲುವೆ ತೆಗೆದು, 16 ಚದರ ಮಿಲಿಮೀಟರಿನ ತಾಮ್ರದ ತಂತಿ ಹೂತು, ರೇಡಿಯೊ ಬದಲು ಅದೇ ಸೇತುವೆಯಾಗಲೆಂದು ಎರಡೂ ಗುಂಡಿಗಳನ್ನು ಜೋಡಿಸಿದೆವು. ಮೀಟರ್ ಬೋರ್ಡಿನ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಮಾಡಿದರು. ಮಣ್ಣು ಮುಚ್ಚುವವರೆಗೂ ಮೇಷ್ಟ್ರು ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದರು.